ಗೋಡೆ ಕೊರೆಯಲು ಒಪ್ಪಿಗೆ

ಮನೆ ಮಾಲೀಕರಿಗೆ ನಮಸ್ಕಾರ.

ನನ್ನ ಹೆಂಡತಿ ಹಾಸಿಗೆ ಹಿಡಿದಿರುವುದು ನಿಮಗೆ ಗೊತ್ತು. ದೂರದಲ್ಲಿರುವ ಅವಳ ತಂಗಿ ದಿನಾ ಸಂಜೆ ವಿಡಿಯೊ ಕರೆ ಮಾಡುತ್ತಾಳೆ. ಫೋನ್ ಲೈನಿನ ಇಂಟರ್‌ನೆಟ್ ಕೈಕೊಟ್ಟು, ಮಾತಿನ ನಡುವೆಯೇ ತಂಗಿಯ ಮುಖ ನಿಂತುಬಿಡುತ್ತದೆ. ಕೇಬಲ್‌ಗೆ ಬದಲಾಯಿಸೋಣವೆಂದು ನಿನ್ನೆ ಕೇಬಲ್‌ನವನನ್ನು ಕರೆಸಿದ್ದೆ.

"ಒಂದ್ಸಲ ಹಾಕಿಸಿದ್ರೆ ಎರಡು ವರ್ಷ ಬಿಡೋ ಹಾಗಿಲ್ಲ ಸಾರ್," ಎಂದ.

ಎರಡು ತಿಂಗಳೂ ಕಷ್ಟವೆಂದು ಡಾಕ್ಟರು ನನ್ನೊಬ್ಬನಿಗೇ ಹೇಳಿದ್ದಾರೆ. ಬೇಡವೆನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಒಳಗಿನಿಂದ ಅವಳು, "ಎರಡೇ ವರ್ಷ ತಾನೇ? ಹಾಕಿಸ್ರೀ," ಎಂದಳು. ಎಷ್ಟೋ ದಿನಗಳ ಮೇಲೆ ಅವಳ ದನಿಯಲ್ಲಿ ಉತ್ಸಾಹವಿತ್ತು. ನಾನು ಒಪ್ಪಿಬಿಟ್ಟೆ.

ತಂತಿ ಎಳೆಯಲು ಮಲಗುವ ಕೋಣೆಯ ಗೋಡೆ ಕೊರೆಯಬೇಕು. ದಯವಿಟ್ಟು ಒಪ್ಪಿಗೆ ಕೊಡಿ. ಗೋಡೆ ಹಾಳಾಯಿತೆಂದು ಅವಳೆದುರು ಗದರಿಸಿದರೂ ಸರಿ, ಕನಿಕರ ಮಾತ್ರ ತೋರಿಸಬೇಡಿ.

ಇಂತಿ,
ನಿಮ್ಮ ಮಹಡಿ ಮನೆಯವನು