ಏಳನೇ ಬಾಟಲಿಯ ನೀರು

ತಮ್ಮಾ ಮಲ್ಲೇಶಿ,

ನಿನ್ನನ್ನು ಎತ್ತಿ ಆಡಿಸಿದ ಅಕ್ಕ ಬರೆಯುತ್ತಿದ್ದೇನೆ. ನೀನು ಹೋಗಿ ಎರಡು ವರ್ಷವಾಯಿತು. ಇದನ್ನು ನೀನು ಇದ್ದಾಗಲೇ ಹೇಳಬೇಕಿತ್ತು. ಬಾಯಿ ಬರಲಿಲ್ಲ.

ಆ ಶ್ರಾವಣದಲ್ಲಿ ಗೋವೆಯಲ್ಲಿ ಹಡಗು ಇಳಿದು, ಸಮುದ್ರದ ನೀರು ಪರೀಕ್ಷಿಸುವ ನಿನ್ನ ಹೈದರಾಬಾದಿನ ಆಫೀಸಿಗೆ ಹೋಗುವ ಮುಂಚೆ ಹೊರ್ತಿ ಊರಿನ ನನ್ನ ಮನೆಗೆ ಬಂದಿದ್ದೆಯಲ್ಲ, ನೆನಪಿದೆಯೇ? ಜೊತೆಗೆ ಒಂದು ನೀಲಿ ಪೆಟ್ಟಿಗೆ. ಅದರಲ್ಲಿ ಇಪ್ಪತ್ನಾಲ್ಕು ಗಾಜಿನ ಬಾಟಲಿ, ಎಲ್ಲದರಲ್ಲೂ ಸಮುದ್ರದ ನೀರು. ಬಸ್ಸಿನಲ್ಲಿ ಅದನ್ನು ತೊಡೆಯಿಂದ ಇಳಿಸಿರಲಿಲ್ಲ.

"ಸಮುದ್ರದಾಗ ನೀರಿನ ಬರ ಬಿದ್ದೈತೇನೋ, ಕೂಸಿನಂಗ ಹೊತ್ಕೊಂಡು ಬಂದಿ?" ಎಂದು ನಾನು ನಕ್ಕೆ.

"ಮ್ಯಾಲ ಉಪಗ್ರಹ ತಿರಗತೈತಿ ಅಕ್ಕಾ. ಸಮುದ್ರದ ಮ್ಯಾಲಿನ ನೀರಾಗ ಉಪ್ಪು ಎಷ್ಟೈತಿ ಅಂತ ಅಲ್ಲಿಂದನ ಹೇಳತೈತಿ."

"ನಾಲಿಗಿ ಇಲ್ಲದ್ದಕ್ಕ ಉಪ್ಪಿನ ರುಚಿ ಹೆಂಗ ತಿಳೀತೈತೋ?"

"ಅದಕ್ಕ ಅದರ ಮಾತು ಖರೇನೋ ಸುಳ್ಳೋ ನೋಡಬೇಕಲ್ಲ. ಅದು ನೋಡಿದ ಜಾಗಾದಾಗ, ಅದ ಹೊತ್ತಿಗೆ ನಾ ತುಂಬಿದ ನೀರು ಇದು. ಇದ ಸಾಕ್ಷಿ."

ಬಾಟಲಿ ತುಂಬುವ ಮುಂಚೆ ಅದೇ ನೀರಿನಲ್ಲಿ ಮೂರು ಸಲ ತೊಳೆಯಬೇಕು ಎಂದೂ ನೀನು ಹೇಳಿದೆ. "ದೇವರ ತಂಬಿಗಿ ಮೂರು ಸಲ ತೊಳಿ ಅಂತ ನೀನ ಕಲಿಸಿದ್ದೆಲ್ಲ. ಆಫೀಸಿನಾಗ ನನಗ ಯಾರೂ ಕಲಿಸೋದ ಬ್ಯಾಡಾತು" ಎಂದೆ. ನನಗೆ ಎಷ್ಟು ಹೆಮ್ಮೆಯಾಯಿತು ಗೊತ್ತೆ?

ಮರುದಿನ ಸೋಮವಾರ. ನೀನು ಸ್ನಾನ ಮಾಡಿ ಗುಡಿಗೆ ಹೋದೆ. ಏಳನೇ ಇಯತ್ತೆಯವರೆಗೆ ಶಾಲೆ ಕಲಿತ ನಾನು ಸಮುದ್ರ ಕಂಡವಳಲ್ಲ. ಎಲ್ಲ ಹೊಳೆಗಳೂ ಹೋಗಿ ಕೂಡುವ ನೀರು ತಾನಾಗಿ ಮನೆಗೆ ಬಂದಿದೆ, ಶ್ರಾವಣ ಸೋಮವಾರ ಬೇರೆ. ಏಳನೇ ಬಾಟಲಿಯ ಮುಚ್ಚಳ ತಿರುವಿ, ಪೂಜೆಯ ಚಮಚದಿಂದ ಎರಡು ಉದ್ಧರಣೆ ನೀರು ತೆಗೆದು ಅಂಗೈಯ ಇಷ್ಟಲಿಂಗದ ಮೇಲೆ ಎರೆದೆ, ಲಿಂಗವನ್ನು ಕಣ್ಣಿಗೆ ಒತ್ತಿಕೊಂಡೆ. ಆಮೇಲೆ ನೋಡಿದರೆ ಬಾಟಲಿಯ ನೀರು ತಗ್ಗಿತ್ತು. ತಂಬಿಗೆಯಲ್ಲಿದ್ದ ನಮ್ಮ ಬೋರಿನ ನೀರು ಎರಡು ಉದ್ಧರಣೆ ಹಾಕಿ ಸಮ ಮಾಡಿದೆ. ಭಕ್ತಿಯಿಂದ ಮಾಡಿದೆ ಎಂದು ಹೇಳಿಕೊಳ್ಳಬಹುದು. ಆದರೆ ಕೇಳಿದರೆ ನೀನು ಬೇಡ ಎನ್ನುತ್ತೀ ಎಂದು ತಿಳಿದೇ ನೀನು ಹೊರಗೆ ಹೋಗುವುದನ್ನು ಕಾದಿದ್ದೆನಲ್ಲ, ಅದಕ್ಕೆ ಏನೆನ್ನಲಿ?

ಹೊರಡುವಾಗ ನೀನು ಕೇಳಿದೆ, "ಅಕ್ಕಾ, ಪೆಟ್ಟಿಗಿ ಯಾರರ ತಗದಿದ್ರೇನು?"

"ನಿನ್ನ ಉಪ್ಪುನೀರು ಯಾರಿಗೆ ಬೇಕಾಗೇತೋ ಯಪ್ಪಾ?" ಎಂದೆ. ನನ್ನ ಹಣೆಯ ವಿಭೂತಿ ಇನ್ನೂ ಹಸಿ ಇತ್ತು. ಸುಳ್ಳು ಹೇಳಬಾರದು ಎಂದು ಚಿಕ್ಕಂದಿನಲ್ಲಿ ನಿನ್ನ ಕಿವಿ ಹಿಂಡಿದವಳು ನಾನೇ.

ಹದಿನೈದು ದಿನ ಬಿಟ್ಟು ನೀನು ಫೋನ್ ಮಾಡಿದೆ. ದನಿ ಸೋತಿತ್ತು. "ಏಳನೇದರಾಗ ಉಪ್ಪು ಭಾಳ ಕಡಿಮಿ ಬಂದೈತಿ ಅಕ್ಕಾ. ಬಾಟ್ಲಿ ಬರೋಬರಿ ತೊಳದಿಲ್ಲ ಅಂತಾರ. ಒಂದು ಹಿಂಗಾದ್ರ ಉಳಿದವನ್ನೂ ನಂಬಾಕ ಬರಂಗಿಲ್ಲಂತ. ಮೂರು ಸಲ ತೊಳದೇನಿ, ನಿನ್ನಾಣಿ..." ಆಗ ಹೇಳಬಹುದಿತ್ತು. "ಇರ್ಲಿ ಬಿಡೋ, ಹಂಗ ಆಗತೈತಿ" ಎಂದೆ. ನಿನ್ನ ಇಡೀ ಪೆಟ್ಟಿಗೆಯನ್ನು ಲೆಕ್ಕದಿಂದ ತೆಗೆದರು. ನಿನ್ನನ್ನು ಮತ್ತೆ ಹಡಗಿಗೆ ಕಳಿಸಲಿಲ್ಲ. ಬೇರೆಯವರು ತುಂಬುವ ಬಾಟಲಿ ತೊಳೆಯಲು ಕೂರಿಸಿದರು.

ಕಾಮಾಲೆಯಾಗಿ ಆಸ್ಪತ್ರೆಯಲ್ಲಿದ್ದಾಗ ನೀನು ನನ್ನ ಕೈ ಹಿಡಿದು, "ಅಕ್ಕಾ, ಆ ಸೋಮವಾರ..." ಎಂದೆ. ಅಷ್ಟರಲ್ಲಿ ನರ್ಸ್ ಬಂದಳು. ನಾನು ಮತ್ತೆ ಕೇಳಲಿಲ್ಲ. ನಿನಗೆ ತಿಳಿದಿತ್ತೇ ತಮ್ಮಾ?

ಈ ವರ್ಷ ಯುಗಾದಿಗೆ ಮುಂಚೆ ನಿನ್ನ ಹೆಂಡತಿ ನಿನ್ನ ಹಡಗಿನ ನೋಟ್‌ಬುಕ್ ಕಳಿಸಿದಳು. ಏಳನೇ ಬಾಟಲಿಯ ಮುಂದೆ ನೀನು ಬರೆದಿದ್ದೆ: 'ತಪ್ಪು ನನ್ನದು.' ಅದನ್ನು ಓದಿದ ದಿನ ನನಗೆ ಪೂಜೆಗೆ ಕೂರಲಾಗಲಿಲ್ಲ. ಸ್ನಾನವಾಗಿತ್ತು, ಹೂವು ತಂದಿಟ್ಟಿದ್ದೆ. ಲಿಂಗ ಕೈಗೆ ತೆಗೆದುಕೊಳ್ಳಲು ನಾಚಿಕೆಯಾಯಿತು.

ನಿನ್ನ ಸಾಹೇಬರಿಗೆ ಫೋನ್ ಮಾಡಿದೆ. ಅವರು ಸಿಂದಗಿ ಕಡೆಯವರು, ಮಾತು ತಿಳಿಯಿತು. ಎಲ್ಲ ಹೇಳಿದೆ.

"ಎಷ್ಟು ನೀರು ಹಾಕಿದ್ರಿ ತಾಯಿ?"

"ಎರಡು ಉದ್ಧರಣಿರಿ. ಬೋರಿನ ನೀರು."

"ಅವ ಕೈ ಮುಗದು ಹೇಳಿದ್ದ. ನಾವೂ ನಂಬಲಿಲ್ಲ. ಇಷ್ಟು ದಿನ ಯಾಕ ಸುಮ್ನಿದ್ರಿ?" ಎಂದರು.

ಈಗ ನೀನು ಕೇಳದ ಸುದ್ದಿ ಕೇಳು. ಏಳನೆಯದನ್ನು ಬಿಟ್ಟು ನಿನ್ನ ಇಪ್ಪತ್ಮೂರು ಬಾಟಲಿಯ ಲೆಕ್ಕ ತೆಗೆದು ಉಪಗ್ರಹದ ಮಾತಿನ ಜೊತೆ ಮತ್ತೆ ಹೋಲಿಸಿ ನೋಡಿದರು. ಇಪ್ಪತ್ತೊಂದು ತಾಳೆಯಾದವು. ಹೊಳೆ ಸಮುದ್ರ ಸೇರುವ ಬಾಯಿಯ ಹತ್ತಿರದ ಎರಡು ತಾಳೆಯಾಗಲಿಲ್ಲ. ಅಲ್ಲಿ ಉಪಗ್ರಹದ್ದೇ ತಪ್ಪಂತೆ, ನಿನ್ನ ನೀರೇ ಖರೆಯಂತೆ. ನಿನ್ನ ಪೆಟ್ಟಿಗೆ ಮತ್ತೆ ಸಾಕ್ಷಿಗೆ ನಿಂತಿದೆ.

ಸಾಹೇಬರು ಆ ಹಾಳೆಯ ಪ್ರತಿ ಕಳಿಸಿದ್ದರು. ಏಳನೆಯದರ ಮುಂದೆ 'ಮನೆಯಲ್ಲಿ ಬೇರೆ ನೀರು ಬೆರೆತಿದೆ' ಎಂದು ಬರೆಸಿದ್ದರು. ಮತ್ತೆ ಫೋನ್ ಮಾಡಿದೆ. "ನೀರು ತಾನಾಗಿ ಬೆರೆಯಂಗಿಲ್ರಿ ಸಾಹೇಬ್ರ. ನನ್ನ ಹೆಸರು ಹಾಕ್ರಿ" ಎಂದೆ. ಹಾಕಿದ್ದಾರೆ.

ನಿನ್ನ ನೋಟ್‌ಬುಕ್ ದೇವರ ಜಗಲಿಯ ಮೇಲಿದೆ. 'ತಪ್ಪು ನನ್ನದು' ಎಂಬ ನಿನ್ನ ಅಕ್ಷರವನ್ನು ನಾನು ಅಳಿಸಿಲ್ಲ. ಅದರ ಕೆಳಗೆ ಬರೆದಿದ್ದೇನೆ: ಅಲ್ಲ, ನನ್ನದು. ಗೌರವ್ವ.