ಪಟ್ಟೆ ಮೀನಿನ ಮೂಲೆ

ಬೀಗಿತ್ತಿಯವರೇ,

ಕಣ್ಣಿನ ಡಾಕ್ಟರ ಹತ್ತಿರ ಹೊರಟಿದ್ದೇನೆ. ನೀವು ಈ ಮನೆಗೆ ಬರುವಾಗ ತಂದ ಚುಕ್ಕಿ ಮೀನಿನ ಬಾಲವನ್ನು ನನ್ನ ಪಟ್ಟೆ ಮೀನು ಮತ್ತೆ ಕಚ್ಚಿದೆ. ಎರಡೂ ನಮ್ಮ ಹೊಳೆಯ ಮೀನುಗಳೇ, ಆದರೂ ಕಲ್ಲಿನ ಮೂಲೆ ತನ್ನೊಬ್ಬಳದೇ ಎಂದು ಪಟ್ಟೆಗೆ ಹಟ.

ಎರಡನ್ನೂ ಬೇರೆ ಬೇರೆ ಬಕೆಟ್ಟಿನಲ್ಲಿ ಬಿಟ್ಟಿದ್ದೇನೆ. ಟ್ಯಾಂಕಿನ ಕಲ್ಲು, ಗಿಡ ಎಲ್ಲದರ ಜಾಗ ಬದಲಿಸಿಬಿಡಿ, ಎತ್ತಲು ನನ್ನ ಕೈಲಾಗದು. ಆಮೇಲೆ ಎರಡನ್ನೂ ಒಟ್ಟಿಗೇ ಬಿಡಿ. ಹಳೇ ಮೂಲೆ ಸಿಗದಿದ್ದರೆ ಜಗಳ ತಗ್ಗುತ್ತದೆ.

ಆಹಾರ ಎರಡು ಕಡೆ ಹಾಕಿ. ನಿಮ್ಮ ಬಳೆ ಸದ್ದಾದರೆ ಈಗ ಪಟ್ಟೆಯೂ ಓಡಿ ಬರುತ್ತಾಳೆ. ಇಷ್ಟು ವರ್ಷ ಸಾಕಿದವಳು ನಾನು!

ಮೊಮ್ಮಗಳೂ ಅಷ್ಟೇ. ನಿನ್ನೆ ನಾನು ಕಥೆ ಶುರು ಮಾಡಿದರೆ, "ಬೇಡ ಅಜ್ಜಿ, ಆ ಅಜ್ಜಿ ಚೆನ್ನಾಗಿ ಹೇಳ್ತಾರೆ" ಎಂದು ಎದ್ದೇ ಹೋದಳು. ಹೊಟ್ಟೆ ಉರಿಯಿತು, ಸುಳ್ಳೇಕೆ ಹೇಳಲಿ? ಬೆಳಿಗ್ಗೆ ನೋಡಿದರೆ ನನ್ನ ಕೈಚೀಲದ ಕಿತ್ತ ಹಿಡಿಯನ್ನು ಯಾರೋ ಸದ್ದಿಲ್ಲದೆ ಹೊಲಿದಿಟ್ಟಿದ್ದಾರೆ. ನಿಮ್ಮದೇ ಹೊಲಿಗೆ, ನನಗೆ ಗೊತ್ತಾಗದೇ?

ಕಿಟಕಿ ಪಕ್ಕದ ನನ್ನ ಕುರ್ಚಿಯನ್ನು ಸ್ವಲ್ಪ ಸರಿಸಿದ್ದೇನೆ. ಈಗ ಅಲ್ಲಿ ಎರಡು ಕುರ್ಚಿ ಹಿಡಿಯುತ್ತವೆ. ಸಂಜೆ ಕಥೆ ಅಲ್ಲೇ ಹೇಳಿ, ನನಗೂ ಕೇಳಿಸಲಿ.