ಹರಿದ ಜಾಗದಲ್ಲಿ ನಾನು ಬರೆದ ಮಾತು

ಹೆಗ್ಗೆರೆಯ ದಂಡೆ, ಕ್ರಿಸ್ತಶಕ 2177, ನೀರೇರಿದ ಐವತ್ತೊಂದನೆಯ ವರ್ಷ, ಬೇಸಿಗೆಯ ಆರನೆಯ ತಿಂಗಳು

ನೂರೈವತ್ತು ವರ್ಷ ಹಿಂದಿನ ಮೇಷ್ಟ್ರುಗಳಿಗೆ, ಅಕ್ಕೋರುಗಳಿಗೆ, ನೀಲಗಂಗಾಳ ನಮಸ್ಕಾರ.

ನನ್ನ ಕನ್ನಡ ನಿಮ್ಮ ಕಿವಿಗೆ ಒರಟಾಗಿ ಕೇಳಿಸಿದರೆ ಕ್ಷಮಿಸಿ. ಧಾರವಾಡದ ಕಡೆಯಿಂದ ಈ ದೇಶಕ್ಕೆ ಬಂದವರ ಮಕ್ಕಳ ಮರಿಮಕ್ಕಳು ನಾವು. ನೀವು ಮಿಶಿಗನ್ ಎನ್ನುತ್ತಿದ್ದ ಸರೋವರಕ್ಕೆ ಹೆಗ್ಗೆರೆ ಎನ್ನುತ್ತೇವೆ. ಈ ಕಾಗದಕ್ಕೆ ನಮ್ಮಲ್ಲಿ ಹಿಂದೋಲೆ ಎಂದು ಹೆಸರು. ಸತ್ತವರ ಪತ್ರ ಓದಿದವರು ಅವರಿಗೊಂದು ಉತ್ತರ ಬರೆಯಬೇಕು, ಬರೆಯದೆ ಓದುವುದು ಕಳವು ಎಂಬುದು ಊರಿನ ನಿಯಮ. ನನ್ನ ಉತ್ತರ ಹೋಗಬೇಕಾದದ್ದು ನಾನು ಓದಿದ ಪತ್ರವೊಂದನ್ನು ಬರೆದ ಹೆಣ್ಣುಮಗಳಿಗೆ. ಅವಳಿಗೆ ಬರೆಯಲು ಮುಖವಿಲ್ಲ. ಅವಳ ಪತ್ರವನ್ನು ಪೆಟ್ಟಿಗೆಯಲ್ಲಿಟ್ಟು ಕಾಪಾಡಿದವರು ನೀವು, ಹಾಗಾಗಿ ನಿಮಗೆ ಬರೆಯುತ್ತಿದ್ದೇನೆ. ನಿಮಗೆ ಹೇಳುವುದು ಸುಲಭ ಕೂಡ. ನೀವು ಯಾರೂ ಬದುಕಿಲ್ಲ.

ನಾನು ಹದಿನೈದು ಹದಿನಾರರ ಮಕ್ಕಳಿಗೆ ಅಮೆರಿಕದ ಜನ ಹೇಗೆ ಬದುಕಿದರು ಎಂಬುದನ್ನು ಕಲಿಸುತ್ತೇನೆ. ರಾಜ್ಯ, ಯುದ್ಧ, ಅಧ್ಯಕ್ಷರ ಹೆಸರು ನಮಗೆ ಬೇಕಿಲ್ಲ, ಅವರ ಕಟ್ಟಡಗಳೇ ನೀರಿನಲ್ಲಿವೆ. ನಿಮ್ಮ ಶಾಲೆಯೊಂದು ಬಿಟ್ಟುಹೋದ ತಗಡಿನ ಪೆಟ್ಟಿಗೆಯಲ್ಲಿ ಮುನ್ನೂರು ಮೂಲ ಕಾಗದಗಳಿವೆ: ಕಿರಾಣಿ ಚೀಟಿ, ಹಾಜರಿ ಪುಸ್ತಕದ ಹಾಳೆ, ಬಿಳಿಯರಲ್ಲದವರಿಗೆ ಈ ಮನೆ ಮಾರಕೂಡದು ಎಂದು ಬರೆದ ಕ್ರಯಪತ್ರ, ಗಿರಣಿಯ ಹುಡುಗಿಯರು ಮನೆಗೆ ಬರೆದ ಪತ್ರ. ಬಿಸಿಲೇರಿದ ಮೇಲೆ ತಗಡಿನ ಕೊಠಡಿಯಲ್ಲಿ ಕೂರಲಾಗುವುದಿಲ್ಲವಾದ್ದರಿಂದ ನಸುಕಿನಲ್ಲೇ ಪಾಠ. ಪ್ರತಿ ಮಗುವೂ ಒಂದು ಕಾಗದವನ್ನು ಕೈಯಲ್ಲಿ ನಕಲು ಮಾಡಿ, ಬರೆದವರ ತಪ್ಪುಗಳನ್ನೂ ಹಾಗೇ ಇಟ್ಟು, ವರ್ಷಕ್ಕೊಮ್ಮೆ ಊರ ಸಭೆಯಲ್ಲಿ ನಿಂತು ಕನ್ನಡದಲ್ಲಿ ಓದಬೇಕು. ಕಾಗದ ಹರಿದ ಕಡೆ ಓದು ನಿಲ್ಲಬೇಕು, ಇಡೀ ಸಭೆ ಒಂದು ಉಸಿರಿನಷ್ಟು ಹೊತ್ತು ಸುಮ್ಮನಿರಬೇಕು. ಇದಕ್ಕೆ ಹರುಕುಮೌನ ಎನ್ನುತ್ತೇವೆ. ಅದನ್ನು ತುಂಬುವ ಹಕ್ಕು ಯಾರಿಗೂ ಇಲ್ಲ.

ನಾನು ತುಂಬಿದೆ.

ನೇಸರಿ ಎಂಬ ಹುಡುಗಿಗೆ ಕೊಟ್ಟ ಪತ್ರ 1930ರ ದಶಕದ್ದು. ಧೂಳು ಎದ್ದು ಹೊಲ ಕಳೆದುಕೊಂಡ ಕುಟುಂಬವೊಂದನ್ನು ಯಾವುದೋ ಊರಿನವರು ಸೇತುವೆಯ ಮೇಲೆ ಮೂರು ದಿನ ತಡೆದಿದ್ದರು. ತಾಯಿ ತನ್ನ ತಂಗಿಗೆ ಬರೆದಿದ್ದಾಳೆ. ಸೇತುವೆಯ ಬಳಿ ನಿಲ್ಲಿಸಿದರು ಎಂಬುದು ಇದೆ, ಮಗು ಮೂರನೆಯ ದಿನ ಹೋಯಿತು ಎಂಬುದು ಇದೆ, ನಡುವೆ ಹೆಬ್ಬೆರಳಿನಷ್ಟು ಹರಿದಿದೆ. ಆ ವಾರ ನನ್ನ ಕೂಸು ಹೊನ್ನಿಗೆ ಜ್ವರ. ಏಳು ತಿಂಗಳ ಮಗು ಕೆಂಡದಂತೆ ಸುಡುತ್ತಿತ್ತು, ನಾನು ನಾಲ್ಕು ದಿನ ಕಣ್ಣು ಮುಚ್ಚಿರಲಿಲ್ಲ. ನೇಸರಿಯ ನಕಲನ್ನು ಮೂಲದೊಡನೆ ತಾಳೆ ನೋಡುತ್ತ ಆ ತೆರಪಿನಲ್ಲಿ ‘ಮಗುವಿಗೆ ಜ್ವರ ಬಂದಿತ್ತು’ ಎಂದು ಬರೆದುಬಿಟ್ಟೆ. ಮೋಸ ಮಾಡಬೇಕೆಂದಲ್ಲ. ಮಕ್ಕಳು ಇನ್ನು ಯಾತರಿಂದ ಸಾಯುತ್ತವೆ ಎಂದು ಆ ಹೊತ್ತಿಗೆ ನನಗೆ ಹೊಳೆಯಲೇ ಇಲ್ಲ.

ನಮ್ಮ ಊರಿಗೂ ಒಂದು ಸೇತುವೆ ಇದೆ, ಅದಕ್ಕೊಂದು ಬಾಗಿಲಿದೆ. ದಕ್ಷಿಣದ ಮುಳುಗಿದ ಊರುಗಳಿಂದ ಬಂದ ನೂರ ನಲವತ್ತು ಜನ ಅದರಾಚೆ ಕೂತಿದ್ದರು. ಒಳಗೆ ಬಿಡಬೇಕೋ ಬೇಡವೋ ಎಂದು ಸಭೆ ಅರ್ಧರ್ಧ ಹಂಚಿಹೋಗಿತ್ತು. ಆ ಸಭೆಯಲ್ಲೇ ನೇಸರಿ ತನ್ನ ನಕಲನ್ನು ಚೆನ್ನಾಗಿ ಓದಿದಳು. ಎಲ್ಲಿಯೂ ನಿಲ್ಲಲಿಲ್ಲ. ಓದು ಮುಗಿದ ಕೂಡಲೇ ಬಾಗಿಲು ಕಾಯುವವರ ಹಿರಿಯ ದ್ಯಾಮಣ್ಣ ಎದ್ದರು.

“ಆಗೂ ಜ್ವರದ ಬ್ಯಾನಿ ಹೊತ್ಕೊಂಡ ಬಂದಿದ್ರು, ಕೇಳಿದ್ರಿಲ್ಲೋ? ನಾ ಹೇಳಾಕತ್ತಿಲ್ರಪಾ, ಕಾಗದ ಹೇಳಾಕತ್ತೈತಿ.”

ಕೈಗಳು ಎದ್ದವು. ಬಾಗಿಲು ಮುಚ್ಚಿಯೇ ಇರಲಿ ಎಂದಾಯಿತು. ಜ್ವರ ಆಗಷ್ಟೇ ಬಿಟ್ಟಿದ್ದ ಹೊನ್ನಿಯನ್ನು ಎದೆಗವಚಿಕೊಂಡು ನಾನೂ ಕೈ ಎತ್ತಿದೆ ಎಂಬುದನ್ನು ನಿಮ್ಮಿಂದ ಮುಚ್ಚಿಡಲಾರೆ. ಆಚೆಯವರಲ್ಲಿ ಕೆಮ್ಮು ಕೇಳಿಸುತ್ತಿತ್ತು.

ಅದಾಗಿ ಹದಿನೆಂಟು ದಿನ. ಬಾಗಿಲಾಚೆ ಹೂಳಲು ಸಣ್ಣ ಕುಣಿ ತೋಡಿದ್ದನ್ನು ಊರ ಗೋಡೆಯ ಮೇಲಿನ ಕಾವಲಿನವರು ನೋಡಿದ್ದಾರೆ. ಮೊದಲು ಒಂದು, ಆಮೇಲೆ ಎರಡು.

ಮೊನ್ನೆ ಪೆಟ್ಟಿಗೆಯ ಕಾಗದಗಳನ್ನು ಗಾಳಿಗೆ ಹರವುವಾಗ ನೇಸರಿ ಒಂದು ಕಿರಾಣಿ ಚೀಟಿಯ ಬೆನ್ನಿಗೆ ಅಂಟಿದ್ದ ಚೂರನ್ನು ಬಿಡಿಸಿ ತಂದಳು. ಹೆಬ್ಬೆರಳಿನಷ್ಟು ಚೂರು. ಹರಿದ ಅಂಚಿಗೆ ಅಂಚು ಕೂಡಿತು. ಅದರಲ್ಲಿ ಇದ್ದದ್ದು ಇಷ್ಟು: ಮಗು ಗಟ್ಟಿಮುಟ್ಟಾಗಿಯೇ ಇತ್ತು, ಆ ಬಿಸಿಲಿಗೆ ನನ್ನ ಎದೆಹಾಲು ಬತ್ತಿತು.

“ಅಕ್ಕೋರ, ಇಲ್ಲಿ ಹರದಿತ್ತಲ್ರೀ. ನಿಮಗ ಜ್ವರ ಎಲ್ಲಿ ಸಿಕ್ತು?”

ನಾನು ಚೂರನ್ನು ತೆಗೆದುಕೊಂಡು, ನೋಡೋಣ ಹೋಗವ್ವ ಎಂದೆ. ಅವಳು ಹೋಗಲಿಲ್ಲ. ಕಾಗದ ತಿದ್ದಿದವರ ಇಡೀ ಮನೆಯ ಒಳಚೀಟಿ, ಎಂದರೆ ಗೋಡೆಯೊಳಗೆ ಇರಲು ಕೊಟ್ಟ ಅಪ್ಪಣೆ, ರದ್ದಾಗುತ್ತದೆ. ತಿದ್ದಿದವರು ಒಪ್ಪದಿದ್ದರೆ ಓದಿದವರ ಕೊರಳಿಗೇ ತಪ್ಪು ಸುತ್ತಿಕೊಳ್ಳುತ್ತದೆ. ಇದು ನನಗೆಷ್ಟು ಗೊತ್ತೋ ಅವಳಿಗೂ ಅಷ್ಟೇ ಗೊತ್ತು.

“ಇವತ್ತಿನ ಸಭಾದಾಗ ಬಾಗಲಾಚೆಯವರನ್ನ ಓಡಸಾಕ ತೀರ್ಮಾನ ಆಗತೈತಿ,” ಎಂದಳು ಈ ಬೆಳಿಗ್ಗೆ ಮತ್ತೆ ಬಂದು, ನನ್ನ ಮನೆಯ ಹೊಸ್ತಿಲಲ್ಲಿ ನಿಂತು. “ನೀವ ಹೇಳ್ತೀರೋ, ನಾ ಹೇಳ್ಲೋ?”

ಒಳಗಿನಿಂದ ಅತ್ತೆ ಎಲ್ಲವನ್ನೂ ಕೇಳಿಸಿಕೊಂಡಿದ್ದರು. ಹುಡುಗಿ ಹೋದ ಮೇಲೆ ಹೊನ್ನಿಯನ್ನು ನನ್ನ ಮಡಿಲಿಗೆ ಹಾಕಿದರು.

“ಆ ಹುಡುಗಿಗೆ ಹದಿನೈದು ವರ್ಷ, ಹೆಂಗಾರ ಬದುಕತೈತಿ. ಇದಕ್ಕ ಏಳು ತಿಂಗಳು. ಮ್ಯಾಲೆ ನಿನ್ನ ಶಾಣ್ಯಾತನ ನಿನಗ.”

ಅವರು ಹೇಳಿದ್ದು ಕೆಟ್ಟ ಮಾತಲ್ಲ. ಬೆಳಗಿನಿಂದ ನಾನೂ ಅದನ್ನೇ ತೂಗುತ್ತ ಕೂತಿದ್ದೇನೆ. ಚೂರನ್ನು ಒಲೆಗೆ ಹಾಕಿದರೆ ನೇಸರಿಯ ಕೈಯಲ್ಲಿ ಏನೂ ಉಳಿಯುವುದಿಲ್ಲ, ಅವಳನ್ನು ಸುಳ್ಳಿ ಎನ್ನುತ್ತಾರೆ, ನನ್ನ ಮಗಳು ಗೋಡೆಯೊಳಗೆ ಬೆಳೆಯುತ್ತಾಳೆ. ಹದಿನೈದು ವರ್ಷ ಕಳೆದ ಮೇಲೆ ಅವಳಿಗೂ ಈ ಪೆಟ್ಟಿಗೆಯಿಂದ ಒಂದು ಕಾಗದ ಸಿಗುತ್ತದೆ. ಅದನ್ನು ಹೇಗೆ ಓದಬೇಕೆಂದು ನಾನೇ ಅವಳಿಗೆ ಕಲಿಸಬೇಕಾಗುತ್ತದೆ.

ಒಲೆಯ ಮುಂದೆ ಬಹಳ ಹೊತ್ತು ಕೂತಿದ್ದೆ. ಹಾಕಲಾಗಲಿಲ್ಲ. ಧೈರ್ಯ ಎನ್ನಬೇಡಿ. ಮಗು ಗಟ್ಟಿಮುಟ್ಟಾಗಿಯೇ ಇತ್ತು ಎಂದು ಒಬ್ಬ ತಾಯಿ ಬರೆದಿದ್ದಾಳೆ. ಅದನ್ನು ಇನ್ನೊಬ್ಬ ತಾಯಿಯಾಗಿ ಎರಡನೆಯ ಸಲ ಅಳಿಸುವುದು ನನ್ನ ಕೈಲಾಗಲಿಲ್ಲ.

ನಿಮ್ಮಲ್ಲಿ ಒಂದೇ ಬೇಡಿಕೆ. ನೀವೂ ಇಂಥ ಕಾಗದಗಳನ್ನು ಎಳೆಯರ ಕೈಗೆ ಕೊಡುವವರು. ಗೊತ್ತಿಲ್ಲದ ಕಡೆ ಗೊತ್ತಿಲ್ಲ ಎನ್ನಲು ಅವರಿಗೆ ಕಲಿಸಿ, ಅದಕ್ಕೂ ಮೊದಲು ನೀವು ಕಲಿಯಿರಿ. ನಿದ್ದೆಗೆಟ್ಟ ದಿನ ಕಾಗದ ಮುಟ್ಟಬೇಡಿ. ನಿಮ್ಮ ಮನೆಯ ಭಯವನ್ನು ಸತ್ತವರ ಬಾಯಿಗೆ ತುರುಕಬೇಡಿ. ಯಾರೋ ಅದನ್ನು ಪುರಾವೆ ಎಂದು ಎತ್ತಿ ಹಿಡಿಯುತ್ತಾರೆ.

ನಾನು ಹೇಳಿದರೂ ಬಾಗಿಲು ತೆರೆಯದಿರಬಹುದು. ದ್ಯಾಮಣ್ಣನವರಿಗೆ ಇನ್ನೊಂದು ಕಾಗದ ಸಿಕ್ಕೀತು. ಆಚೆಗೆ ಹೋಗುವವರ ಲೆಕ್ಕಕ್ಕೆ ನಾವು ಮೂವರು ಸೇರಬಹುದು, ಅತ್ತೆ ನನ್ನನ್ನು ಎಂದೂ ಕ್ಷಮಿಸದೆಯೂ ಇರಬಹುದು. ಹೊನ್ನಿಗೆ ಈಗಷ್ಟೇ ಹಾಲು ಕುಡಿಸಿದೆ, ನಿದ್ದೆ ಹೋಗಿದ್ದಾಳೆ. ಬೆನ್ನಿಗೆ ಕಟ್ಟಿಕೊಂಡಿದ್ದೇನೆ.

ಸಭೆಯ ಗಂಟೆ ಬಾರಿಸುತ್ತಿದೆ. ಅಲ್ಲಿ ನೇಸರಿ ಎದ್ದು ನಿಲ್ಲುವ ಮೊದಲು ನಾನು ಎದ್ದು ನಿಲ್ಲಬೇಕು.

ನೀಲಗಂಗಾ